ಚಿಕ್ಕ ಅಳಿಯಂದಿರ ಮೊದಲ ಪಾಠ

ನಮ್ಮ ದೊಡ್ಡಮ್ಮನ ಕ್ಲಾಸಿನಲ್ಲಿ ಇದುವರೆಗೆ ಯಾರೂ ಫೇಲಾಗಿಲ್ಲ. ಇದು ನನ್ನ ಮಾತಲ್ಲ, ಅವರದೇ. ಯಾರೂ ಕೇಳದಿದ್ದರೂ ದಿನಕ್ಕೊಂದು ಸಲ ಇದನ್ನು ಹೇಳದಿದ್ದರೆ ಅವರಿಗೆ ತಿಂದ ಅನ್ನ ಅರಗುವುದಿಲ್ಲ. ಹೊಳೆನರಸೀಪುರದ ಹೆಣ್ಣುಮಕ್ಕಳಿಗೆ, ತಮ್ಮ ಕೂದಲು ಹಣ್ಣಾಗುವವರೆಗೂ ಲೆಕ್ಕ ಕಲಿಸಿದವರು. "ಕಲ್ಲು ತಂದು ಕೂರಿಸಿದ್ರೂ ಮಗ್ಗಿ ಹೇಳಿಸ್ತಿದ್ದೆ ಕಣೆ" ಎನ್ನುತ್ತಾರೆ. ಹೇಳಿಸಿರಬಹುದು! ಅವರ ದನಿ ಕೇಳಿದರೆ ಕಲ್ಲೇನು, ಊರ ಪಕ್ಕದ ಹೇಮಾವತಿಯೂ ಒಂದು ಗಳಿಗೆ ಕೈಕಟ್ಟಿ ನಿಂತಿದ್ದಾಳು.

ಅಂಥ ದೊಡ್ಡಮ್ಮನಿಗೆ ಮಣ್ಣು ಮುಕ್ಕಿಸಿದ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನಿಗೆ ನಾಲ್ಕು ಕಾಲು, ಅವೂ ಬೆರಳುದ್ದದವು. ಅವನ ಸಿಲಬಸ್ಸಿನಲ್ಲಿ ಇದ್ದದ್ದು ಒಂದೇ ಪಾಠ: ಒಂದಕ್ಕೆ ಬಂದರೆ ಮನೆಯಿಂದ ಹೊರಗೆ ಹೋಗಬೇಕು. ಅಷ್ಟೇ! ಬೀಜಗಣಿತ ಅಲ್ಲ, ರೇಖಾಗಣಿತ ಅಲ್ಲ. ಜೀವಮಾನವೆಲ್ಲ ಲೆಕ್ಕ ಕಲಿಸಿದವರಿಗೆ ಒಂದು ನಾಯಿಮರಿಗೆ 'ಒಂದು' ಕಲಿಸಲು ಆಗಲಿಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ?

ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಲೆಕ್ಕ ಹಾಕಿ ನೋಡಿದೆ, ಶೇಷ ಏನೂ ಉಳೀಲಿಲ್ಲ" ಎನ್ನುತ್ತಾರೆ. ಮಂಡಿ ಆಪರೇಷನ್ನಿಗೆಂದು ಹಾಸನದ ನಮ್ಮ ಮನೆಗೆ ಬಂದರು. ಮಂಡಿ ಸರಿಹೋಯಿತು, ದೊಡ್ಡಮ್ಮ ಹೋಗಲಿಲ್ಲ. ನಾವೂ ಕಳಿಸಲಿಲ್ಲ, ಕಳಿಸುವ ಧೈರ್ಯ ಯಾರಿಗಿದೆ! ಬಂದ ಮೇಲೆ ಮನೆಗೆ ಕಾನೂನುಗಳು ಬಂದವು. ಒದ್ದೆ ಟವಲು ಮಂಚದ ಮೇಲೆ ಬೀಳಬಾರದು. ಕಾಫಿ ಲೋಟ ಕಚ್ಚಿ ಕುಡಿಯಬಾರದು. ಮಡಿಯುಟ್ಟು ಅಡುಗೆ ಮಾಡುವಾಗ ಯಾರೂ, ಮನೆ ಯಜಮಾನರೇ ಆಗಲಿ, ಅಡುಗೆಮನೆಯ ಹೊಸಿಲು ದಾಟಬಾರದು. ನಮ್ಮ ಯಜಮಾನರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವರು, ಅಲ್ಲಿ ಹುಡುಗರು ಅವರನ್ನು ಕಂಡರೆ ಹೆದರುತ್ತಾರಂತೆ. ಮನೆಯಲ್ಲಿ ಅವರು ಹೊಸಿಲಾಚೆ ನಿಂತು "ದೊಡ್ಡಮ್ಮಾ, ಉಪ್ಪಿನಕಾಯಿ" ಎಂದು ಭಿಕ್ಷೆ ಕೇಳುತ್ತಾರೆ.

ಇಂಥ ಯಜಮಾನರಿಗೆ ಆಷಾಢದಲ್ಲಿ ಒಂದು ದಿನ ಎಲ್ಲಿಂದ ಧೈರ್ಯ ಬಂತೋ! ಚನ್ನರಾಯಪಟ್ಟಣದ ಸ್ನೇಹಿತರ ಮನೆಗೆ ಹೋದವರು ಬ್ಯಾಗಿನಲ್ಲಿ ಒಂದು ನಾಯಿಮರಿ ಇಟ್ಟುಕೊಂಡು ಬಂದರು. ಡ್ಯಾಶ್‌ಹೌಂಡ್ ಜಾತಿಯಂತೆ. ಮೈ ಎಷ್ಟು ಉದ್ದವೆಂದರೆ ಮುಂದಿನ ಕಾಲು ನಡುಮನೆಯಲ್ಲಿದ್ದಾಗ ಹಿಂದಿನ ಕಾಲಿಗೆ ಇನ್ನೂ ಸುದ್ದಿ ಮುಟ್ಟಿರುವುದಿಲ್ಲ. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದರು.

"ಏನಿದು, ಲಟ್ಟಣಿಗೆಗೆ ಕಾಲು ಬಂದಿದೆ?"

"ನಾಯಿಮರಿ ದೊಡ್ಡಮ್ಮ. ಬ್ರೂನೋ ಅಂತ ಹೆಸರಿಟ್ಟಿದ್ದೀನಿ" ಎಂದರು ಯಜಮಾನರು, ಬಾಗಿಲ ಹೊರಗಿನಿಂದಲೇ.

"ಹೆಸರು ಯಾಕೆ? ಹೊತ್ತು ಹೊತ್ತಿಗೆ ಊಟ, ಊಟ ಆದ್ಮೇಲೆ ನಿದ್ದೆ, ಕೆಲಸ ಮಾತ್ರ ಕೇಳ್ಬೇಡಿ. ಇದು ಮನೆ ಅಳಿಯನೇ."

"ಅಳಿಯ ನಾನಿದ್ದೀನಲ್ಲ ದೊಡ್ಡಮ್ಮ!"

"ಇದ್ದೀರಲ್ಲ, ಬೇಡ ಅಂದೋರ್ಯಾರು? ನೀವು ದೊಡ್ಡ ಅಳಿಯಂದಿರು, ಇವರು ಚಿಕ್ಕ ಅಳಿಯಂದಿರು."

ಈ ಮರ್ಯಾದೆ ಕೇಳಿ ಚಿಕ್ಕ ಅಳಿಯಂದಿರು ಬ್ಯಾಗಿನಿಂದ ಇಳಿದರು. ನಡುಮನೆಯನ್ನೆಲ್ಲ ಮೂಸಿದರು. ದೇವರ ಮನೆಯ ಮುಂದೆ, ದೊಡ್ಡಮ್ಮ ಬೆಳಿಗ್ಗೆ ಎಳೆದ ಪದ್ಮದ ರಂಗೋಲಿಯ ನಟ್ಟನಡುವೆ ಕುಕ್ಕರಿಸಿ, ಕಣ್ಣು ಅರೆಮುಚ್ಚಿ, ಅಭಿಷೇಕ ಮಾಡಿಬಿಟ್ಟರು.

ದೊಡ್ಡಮ್ಮ ಕೂಗಾಡಲಿಲ್ಲ. ಹೊಸ ಕಾನೂನು ಹೊರಡಿಸಿದರು.

"ಕೇಳಿಸ್ಕೊಳ್ಳಿ ಎಲ್ರೂ. ಈ ನೆಲ ಒದ್ದೆ ಮಾಡೋರಿಗೆ ಈ ಮನೇಲಿ ಜಾಗ ಇಲ್ಲ. ಮಗು ಅಂತ ಗೌರಿ ಹಬ್ಬದ ತನಕ ಗಡುವು ಕೊಡ್ತೀನಿ. ಅಷ್ಟರೊಳಗೆ ಕಲಿತ್ರೆ ಸರಿ. ಇಲ್ದಿದ್ರೆ ಬಂದ ಬ್ಯಾಗಲ್ಲೇ ವಾಪಸ್ ಚನ್ನರಾಯಪಟ್ಟಣಕ್ಕೆ. ನಾನೇ ಕಲಿಸ್ತೀನಿ. ನನ್ನ ಕ್ಲಾಸಲ್ಲಿ ಯಾರೂ ಫೇಲಾಗಿಲ್ಲ."

ಯಜಮಾನರ ಮುಖ ಬಾಡಿತು. ಅವರಿಗೆ ಆ ಮರಿಯ ಮೇಲೆ ಅದಾಗಲೇ ಜೀವ. ಬಸ್ಸಿನಲ್ಲಿ ಬರುವಷ್ಟರಲ್ಲಿ ಅವರ ಅಂಗಿಯ ಗುಂಡಿಯನ್ನೆಲ್ಲ ಅದು ತಿಂದಾಗಿತ್ತು, ಅವರು ತಿನ್ನಲು ಬಿಟ್ಟಿದ್ದರು.

ಮರುದಿನವೇ ಶಾಲೆ ಶುರು. ಗೋಡೆಗೆ ಟೈಮ್‌ಟೇಬಲ್ ಅಂಟಿಸಿದರು. ನಾಯಿ ಓದಿಕೊಳ್ಳಲಿ ಎಂದೋ ಏನೋ, ಕೆಳಗೆ ಅಂಟಿಸಿದರು! ಎದ್ದ ಕೂಡಲೇ ಒಂದು ಪೀರಿಯಡ್, ಹಾಲು ಕುಡಿದ ಮೇಲೆ ಒಂದು, ಹೀಗೆ. ಪೀರಿಯಡ್ಡಿಗೊಂದು ಸಲ ಗಂಟೆ ಬಾರಿಸಿ ಮರಿಯನ್ನು ಹಿತ್ತಲಿನ ನಿಂಬೆ ಗಿಡದ ಬುಡದಲ್ಲಿ ನಿಲ್ಲಿಸುವುದು, ತಾವು ಕೊಡೆ ಹಿಡಿದು ಎದುರಿಗೆ ನಿಲ್ಲುವುದು. "ಹ್ಞೂಂ, ಮಾಡು" ಎಂದು ಅಪ್ಪಣೆ. ಅದು ಮಾಡಲಿಲ್ಲ. ಇರುವೆ ನೋಡಿತು. ಉದುರಿದ ಎಲೆ ಅಗಿಯಿತು. ದೊಡ್ಡಮ್ಮನ ಚಪ್ಪಲಿಯ ಮೇಲೆ ಗಲ್ಲ ಇಟ್ಟು ಮಲಗಿತು.

ಆಗ ದೊಡ್ಡಮ್ಮನಿಗೆ ಎಳೆ ಮಕ್ಕಳ ಉಪಾಯ ನೆನಪಾಯಿತು. ಬಾಣಂತಿಯರು ಕೂಸನ್ನು ಕಾಲ ಮೇಲೆ ಕೂರಿಸಿಕೊಂಡು "ಸ್ಸ್ಸ್..." ಎನ್ನುತ್ತಾರಲ್ಲ, ಅದು. ಮರಿಯ ಮುಂದೆ ಬಗ್ಗಿ ಶುರುಮಾಡಿದರು. ಒಂದು ನಿಮಿಷ, ಎರಡು ನಿಮಿಷ, ಪಕ್ಕದ ಮನೆಯವರು ಕುಕ್ಕರ್ ಕೂಗಿತೆಂದು ಒಳಗೆ ಓಡಿದರು. ನಾಯಿಗೆ ಏನೂ ಆಗಲಿಲ್ಲ. ಹಿತ್ತಲ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ದೊಡ್ಡ ಅಳಿಯಂದಿರು ಪೇಪರ್ ಕೆಳಗಿಟ್ಟು ಅವಸರವಾಗಿ ಬಚ್ಚಲಮನೆಗೆ ಹೋದರು.

"ಪಾಠ ಯಾರಿಗೋ, ಹತ್ತಿದ್ದು ಯಾರಿಗೋ" ಎಂದು ದೊಡ್ಡಮ್ಮ ಹಣೆ ಚಚ್ಚಿಕೊಂಡರು.

ಪೀರಿಯಡ್ ಮುಗಿದು ಒಳಗೆ ಬಂದ ಕೂಡಲೇ ಚಿಕ್ಕ ಅಳಿಯಂದಿರು ಸೋಫಾದ ಕಾಲಿನ ಬಳಿ ಕೆಲಸ ಮುಗಿಸುತ್ತಿದ್ದರು. ಶಿಕ್ಷೆ ಕೊಡಬೇಡವೇ? ಶಾಲೆಯಲ್ಲಿ ಮಾಡುತ್ತಿದ್ದಂತೆ ಮೂಲೆಯಲ್ಲಿ ನಿಲ್ಲಿಸಿದರು. ಗೋಡೆಗೆ ಮುಖ ಮಾಡಿ, ಅಲ್ಲಾಡಕೂಡದು! ಮರಿ ಮೂಲೆಯನ್ನು ಮೆಚ್ಚುಗೆಯಿಂದ ನೋಡಿತು. ಇಷ್ಟು ಒಳ್ಳೆಯ ಜಾಗವನ್ನು ಇಷ್ಟು ದಿನ ಯಾಕೆ ತೋರಿಸಲಿಲ್ಲ ಎಂಬಂತೆ ಕುಕ್ಕರಿಸಿತು.

ಇನ್ನು ಶುದ್ಧಿಯ ವಿಷಯ. ನಮ್ಮ ಕಡೆ ಮನೆಯೊಳಗೆ ಮೈಲಿಗೆಯಾದರೆ ಏನು ಮಾಡುತ್ತೇವೆ? ಗಂಜಲ ಚಿಮುಕಿಸುತ್ತೇವೆ. ಹಸುವಿನದು, ಪವಿತ್ರ. ಮರಿ ಎಲ್ಲೆಲ್ಲಿ ಒದ್ದೆ ಮಾಡಿತೋ ಅಲ್ಲೆಲ್ಲ ದೊಡ್ಡಮ್ಮ ನೀರು ಹಾಕಿ ಒರೆಸಿಸಿ, ಮೇಲೆ ಧಾರಾಳವಾಗಿ ಗಂಜಲ ಸುರಿಸುತ್ತಿದ್ದರು. ಮೊದಲು ಒಂದು ಸಣ್ಣ ಬಾಟಲಿ ಬರುತ್ತಿತ್ತು. ಆಮೇಲೆ ದೊಡ್ಡ ಬಾಟಲಿ. ಕೊನೆಗೆ ಹಾಲಿನ ಜಯಮ್ಮ ಒಂದು ಕ್ಯಾನನ್ನೇ ಹೊತ್ತು ತರತೊಡಗಿದಳು. ಒಂದು ಬೆಳಿಗ್ಗೆ ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿಯೇಬಿಟ್ಟಳು.

"ಅಲ್ಲ ಕಣವ್ವ, ಆಲು ಅರ್ಧ ಲೀಟ್ರು, ಗಂಜಲ ಒಂದ್ ಕ್ಯಾನು! ನಿಮ್ಮನೇಲಿ ಕಾಪಿಗೆ ಯಾವುದ್ನ ಆಕ್ತೀರಿ?"

"ಅಧಿಕಪ್ರಸಂಗ ಬೇಡ ಜಯಮ್ಮ. ಶುದ್ಧಿಗೆ" ಎಂದರು ದೊಡ್ಡಮ್ಮ.

"ಶುದ್ಧಿ ಮಾಡ್ಕಳಿ, ಬ್ಯಾಡ ಅಂದೋರ್ಯಾರು? ಇಂಗೇ ಆದ್ರೆ ನಾನು ಆಲು ಕರೆಯಾದ್ ಬುಟ್ಟು ಚೊಂಬು ಇಡ್ಕಂಡು ಅಸೀನ ಇಂದ್ಗಡೆ ನಿಂತ್ಕಬೇಕಾಯ್ತದೆ ಅಷ್ಟೆಯ!"

ವಿಚಿತ್ರವೆಂದರೆ, ಶುದ್ಧಿ ಹೆಚ್ಚಿದಷ್ಟೂ ಮೈಲಿಗೆಯೂ ಹೆಚ್ಚಿತು. ಮೊದಲು ರಂಗೋಲಿ ಮತ್ತು ಸೋಫಾ ಇದ್ದದ್ದು, ಆಮೇಲೆ ಊಟದ ಮನೆ, ಪಡಸಾಲೆ, ಬೀರುವಿನ ಸಂದಿ. ದೊಡ್ಡಮ್ಮ ಎಲ್ಲಿ ಗಂಜಲ ಹಾಕಿದರೋ ಅಲ್ಲಿ ಮರಿ ಹಾಜರ್. ಮರಿ ಎಲ್ಲಿ ಹಾಜರೋ ಅಲ್ಲಿ ಮತ್ತೆ ಗಂಜಲ. ಅರಕಲಗೂಡಿನಿಂದ ನಮ್ಮ ಚಿಕ್ಕಪ್ಪ ಬಂದವರು ಒಳಗೆ ಕಾಲಿಡುತ್ತಲೇ ಮೂಗಿಗೆ ಪಂಚೆಯ ಚುಂಗು ಹಿಡಿದರು. "ಮನೆ ಕಟ್ಟಿಸಿದ್ದೀರಿ ಅಂದ್ಕೊಂಡಿದ್ದೆ, ಕೊಟ್ಟಿಗೆ ಕಟ್ಟಿಸಿದ್ದೀರಾ?" ಎಂದರು. ಊಟಕ್ಕೆ ನಿಲ್ಲುತ್ತೇನೆಂದು ಹೇಳಿ ಬಂದಿದ್ದವರಿಗೆ ಥಟ್ಟನೆ ಬಸ್ಸಿನ ನೆನಪಾಯಿತು.

ಶ್ರಾವಣ ಮುಗಿಯುತ್ತ ಬಂತು. ಗೌರಿ ಹಬ್ಬ ಹತ್ತಿರವಾಯಿತು. ಯಜಮಾನರು ಆ ಹಳೆಯ ಬ್ಯಾಗನ್ನು ಅಟ್ಟದ ಮೇಲೆ ಸಾಮಾನಿನ ಹಿಂದೆ ಬಚ್ಚಿಟ್ಟರು. ಬ್ಯಾಗು ಸಿಗದಿದ್ದರೆ ನಾಯಿ ಹೋಗುವುದಿಲ್ಲ ಎಂದು ಇಂಜಿನಿಯರಿಂಗ್ ಓದಿದವರ ಲೆಕ್ಕಾಚಾರ! ನನಗೆ ನಗು ಬಂದರೂ ನಗಲಿಲ್ಲ. ಕೊನೆಯ ಪ್ರಯತ್ನವೆಂದು ದೊಡ್ಡಮ್ಮನನ್ನೂ ಮರಿಯನ್ನೂ ಆಟೋದಲ್ಲಿ ಕೂರಿಸಿಕೊಂಡು ಪಶುವೈದ್ಯರ ಹತ್ತಿರ ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವರು. ದೊಡ್ಡಮ್ಮನನ್ನು ಕಂಡು ಕುರ್ಚಿ ಬಿಟ್ಟು ಎದ್ದರು. ಅವರ ತಾಯಿ ಹೊಳೆನರಸೀಪುರದಲ್ಲಿ ದೊಡ್ಡಮ್ಮನ ಶಿಷ್ಯೆಯಂತೆ.

"ಮರಿಗೆ ಮೂತ್ರಕೋಶದಲ್ಲಿ ಏನೋ ದೋಷ ಇರ್ಬೇಕು ನೋಡಪ್ಪ" ಎಂದರು ದೊಡ್ಡಮ್ಮ. "ಪಾಠದಲ್ಲಂತೂ ದೋಷ ಇಲ್ಲ."

ಡಾಕ್ಟರು ಮರಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಆರೋಗ್ಯವಾಗಿದ್ದಾನೆ ಟೀಚರ್. ಒಳಗೆ ಮಾಡಿದಾಗ ನೆಲಾನ ಯಾವುದ್ರಲ್ಲಿ ಒರೆಸ್ತೀರಿ?"

"ಬರೀ ಒರೆಸೋದಲ್ಲ. ಶುದ್ಧಿ ಮಾಡ್ತೀವಿ. ಗಂಜಲ ಹಾಕಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಗು ತಡೆಯಲು ತುಂಬ ಕಷ್ಟಪಟ್ಟರು, ಪಾಪ.

"ಟೀಚರ್, ನಾಯಿ ಮೂಗಿಂದ ಓದೋ ಪ್ರಾಣಿ. ಉಚ್ಚೆ ವಾಸನೆ ಎಲ್ಲಿ ಬರುತ್ತೋ ಅದೇ ತನ್ನ ಜಾಗ ಅಂದ್ಕೊಳ್ಳುತ್ತೆ. ನೀವು ಮನೆ ತುಂಬ ಗಂಜಲ ಹಾಕಿ, ಬಾರಪ್ಪ, ಇಲ್ಲೇ ಮಾಡು ಅಂತ ದಿನಾ ಬೋರ್ಡು ಬರೀತಿದ್ದೀರಿ. ಅದು ಓದಿ ಚಾಚೂ ತಪ್ಪದೆ ಮಾಡ್ತಿದೆ."

"ಗಂಜಲ ಅಂದ್ರೆ ಉಚ್ಚೆ ಅಲ್ಲ!"

"ಮತ್ತೇನು ಟೀಚರ್?"

ದೊಡ್ಡಮ್ಮ ಮರಿಯನ್ನು ಎತ್ತಿಕೊಂಡು ನೇರ ಹೋಗಿ ಆಟೋ ಹತ್ತಿದರು. ಮನೆ ಮುಂದೆ ಇಳಿಯುವಾಗ, "ಇವನ ತಾಯಿಗೂ ಬೀಜಗಣಿತ ತಲೆಗೆ ಹತ್ತುತ್ತಿರಲಿಲ್ಲ" ಎಂದರು. ಅಲ್ಲಿಗೆ ಪಶುವೈದ್ಯಶಾಸ್ತ್ರದ ಖಂಡನೆ ಮುಗಿಯಿತು.

ಆದರೆ ಒಂದೆರಡು ದಿನ ಬಿಟ್ಟು ಬೆಳಿಗ್ಗೆ ಹಿತ್ತಲಿನಲ್ಲಿ ಸದ್ದಾಯಿತು. ಇಣುಕಿ ನೋಡಿದರೆ ದೊಡ್ಡಮ್ಮ ಗಂಜಲದ ಕ್ಯಾನನ್ನು ನಿಂಬೆ ಗಿಡದ ಬುಡಕ್ಕೆ ಬಗ್ಗಿಸುತ್ತಿದ್ದಾರೆ! ನನ್ನನ್ನು ಕಂಡು, "ಗಿಡ ಸೊರಗಿತ್ತು ಕಣೆ, ಗೊಬ್ಬರ ಹಾಕಿದೆ" ಎಂದರು. ಗಿಡದ ತುಂಬ ಕಾಯಿ ಜೋತು ಬಿದ್ದಿತ್ತು. ಮನೆಯೊಳಗಿನ ಶುದ್ಧಿಗೆ ಅರಿಶಿನದ ನೀರೇ ಸಾಕು, ಅದೇ ಶ್ರೇಷ್ಠ ಎಂದು ಅವತ್ತೇ ಕಾನೂನಿಗೊಂದು ತಿದ್ದುಪಡಿಯೂ ಬಂತು. ಚಿಕ್ಕ ಅಳಿಯಂದಿರು ಹಿತ್ತಲಿಗೆ ಹೋದರು, ಗಿಡದ ಬುಡ ಮೂಸಿದರು, ಬೋರ್ಡು ಓದಿದರು, ಕೆಲಸ ಮುಗಿಸಿದರು. ದೊಡ್ಡಮ್ಮ ನನ್ನತ್ತ ತಿರುಗಿದರು. ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು, ಅದನ್ನೇ ಹೇಳಿದರು.

ಪರೀಕ್ಷೆ ನಡೆದದ್ದು ಗೌರಿ ಹಬ್ಬದ ದಿನ. ಮನೆ ತುಂಬ ಮರದ ಬಾಗಿನಕ್ಕೆ ಬಂದ ಹೆಂಗಸರು. ನಾನು ಪೂಜೆಗೆ ಕೂತಿದ್ದೆ, ಯಜಮಾನರು ತೋರಣ ಕಟ್ಟುತ್ತ ಸ್ಟೂಲಿನ ಮೇಲಿದ್ದರು. ದೊಡ್ಡಮ್ಮ ಮಡಿಯುಟ್ಟು ಒಬ್ಬಟ್ಟು ಬೇಯಿಸುತ್ತಿದ್ದರು. ಗಲಾಟೆಯಲ್ಲಿ ಯಾರೋ ಹಿತ್ತಲ ಬಾಗಿಲಿಗೆ ಚಿಲಕ ಹಾಕಿಬಿಟ್ಟಿದ್ದರು. ಮರಿ ಬಾಗಿಲು ಕೆರೆಯಿತು. ಕುಯ್‌ಗುಟ್ಟಿತು. ಜಾಗಟೆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನಾನು ಕೂತಲ್ಲಿಂದಲೇ ಅದು ಗಿರಗಿರ ಸುತ್ತುವುದನ್ನು ಕಂಡೆ. ಇನ್ನೇನು, ಮುಗಿಯಿತು, ಚನ್ನರಾಯಪಟ್ಟಣಕ್ಕೆ ಟಿಕೆಟ್ ಹರಿದ ಹಾಗೇ ಎಂದುಕೊಂಡೆ.

ಅಡುಗೆಮನೆಯಿಂದ ಅದನ್ನು ಕಂಡ ದೊಡ್ಡಮ್ಮ ಹಂಚಿನ ಮೇಲಿನ ಒಬ್ಬಟ್ಟು ಬಿಟ್ಟು ಎದ್ದರು. ಮಂಡಿ ಹಿಡಿದುಕೊಂಡು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಚಿಲಕ ತೆಗೆದರು. ಅವರ ಮಡಿ ಸೀರೆಗೆ ಮೈ ಒರೆಸಿಕೊಂಡೇ ಮರಿ ಬಾಣದಂತೆ ಹೊರಗೋಡಿತು. ನಾಯಿ ಮುಟ್ಟಿತಲ್ಲ, ಮಡಿ ಹೋಯಿತಲ್ಲ! ಬಂದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ದೊಡ್ಡಮ್ಮ ಇನ್ನೊಂದು ಸ್ನಾನಕ್ಕೆ ಹೋದರು. ಒಬ್ಬಟ್ಟು ಸೀದು ಇದ್ದಿಲಾಯಿತು.

"ಹೇಗೆ ದೊಡ್ಡಮ್ಮ, ನಮ್ಮವನು?" ಎಂದು ಊಟದ ಹೊತ್ತಿಗೆ ಯಜಮಾನರು ಎದೆಯುಬ್ಬಿಸಿ ಕೇಳಿದರು.

"ಪಾಸು. ಮೂವತ್ತೈದಕ್ಕೆ" ಎಂದರು. "ಅದೂ ನಾನು ಕೈಹಿಡಿದು ದಾಟಿಸಿದ್ದಕ್ಕೆ."

ಅಲ್ಲಿಂದಾಚೆಗೆ ಮನೆಯ ನೆಲ ಒಣಗಿಯೇ ಇತ್ತು. ದೊಡ್ಡಮ್ಮ ಈಸಿ ಚೇರಿನಲ್ಲಿ ಪೇಪರ್ ಹಿಡಿದರೆ ಕೆಳಗೆ ಚಿಕ್ಕ ಅಳಿಯಂದಿರು ಅವರ ಪಾದದ ಮೇಲೆ ಗಲ್ಲವಿಟ್ಟು ಮಲಗುತ್ತಿದ್ದರು. "ನೋಡಿ ಇವರನ್ನ, ಪೆನ್ಷನ್ ಬಂದೋರ ಥರ" ಎಂದು ದೊಡ್ಡಮ್ಮ ಬೈಯುತ್ತಿದ್ದರು. ಕಾಲು ಮಾತ್ರ ಅಲ್ಲಾಡಿಸುತ್ತಿರಲಿಲ್ಲ.

ಸಂಕ್ರಾಂತಿಯ ಹಿಂದೆಮುಂದೆ ಎರಡನೇ ಶನಿವಾರ, ನನಗೆ ಬ್ಯಾಂಕ್ ರಜ. ಯಜಮಾನರು ನಾಯಿಯನ್ನು ಇಂಜೆಕ್ಷನ್ನಿಗೆ ಕರೆದುಕೊಂಡು ಹೋಗಿದ್ದರು. ಅವರು ಹೊರಟಾಗ ದೊಡ್ಡಮ್ಮನಿಗೆ ಕುರ್ಚಿಯಲ್ಲೇ ಜೊಂಪು ಹತ್ತಿತ್ತು. ನಾನು ಹಿತ್ತಲಿನಲ್ಲಿ ಬಟ್ಟೆ ಒಣಗಿಹಾಕಿ ಒಳಗೆ ಬಂದೆ. ದೊಡ್ಡಮ್ಮ ಎದ್ದು ನೆಟ್ಟಗೆ ಕೂತಿದ್ದರು. ಕಾಲೆರಡನ್ನೂ ಜೋಡಿಸಿ, ಸೆರಗನ್ನು ಮಡಿಲ ಮೇಲೆ ಹರವಿಕೊಂಡಿದ್ದರು. ಕುರ್ಚಿಯ ಕೆಳಗೆ ಮೊಸಾಯಿಕ್ ನೆಲ ಒದ್ದೆಯಾಗಿತ್ತು. ಸೀರೆಯ ಅಂಚೂ ಒದ್ದೆ.

"ನೋಡೇ," ಎಂದರು, ನನ್ನ ಮುಖ ನೋಡದೆ. "ಚಿಕ್ಕ ಅಳಿಯಂದಿರು ಮತ್ತೆ ಶುರು ಮಾಡಿದ್ದಾರೆ."

ಹೋಮ್‌ವರ್ಕ್ ಮಾಡದೆ ಬಂದ ಹುಡುಗಿಯ ದನಿ ಅದು.

"ಕಳ್ಳ! ಮಾಡಿ ಎಲ್ಲೋ ಓಡಿಹೋಗಿದ್ದಾನೆ. ಬರಲಿ, ಇದೆ ಅವನಿಗೆ" ಎಂದೆ, ಬೇಕೆಂದೇ ಜೋರಾಗಿ.

ಅಷ್ಟು ಹೇಳುವಷ್ಟರಲ್ಲಿ ಗೇಟಿನ ಸದ್ದಾಯಿತು. ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಯಜಮಾನರು ಒಳಗೆ ಬಂದರು. "ಏನು ರಶ್ಶು ಅಂತೀಯ..." ಎನ್ನುತ್ತಿದ್ದವರು ನಿಂತರು. ತಲೆಯ ಮೇಲಿನ ಕನ್ನಡಕವನ್ನು ಮನೆಯೆಲ್ಲ ಹುಡುಕುವ ಈ ಮನುಷ್ಯನಿಗೆ ಅವತ್ತು ಒಂದೇ ನೋಟಕ್ಕೆ ಎಲ್ಲ ಕಂಡಿತು. ನಾಯಿಯನ್ನು ಮೆಲ್ಲಗೆ ಕೆಳಗಿಳಿಸಿದರು.

"ಇವನೇ ದೊಡ್ಡಮ್ಮ. ಹೊರಡೋಕೆ ಮುಂಚೆ ಮಾಡಿದ. ಅವಸರದಲ್ಲಿ ನಾನು ಒರೆಸ್ಲಿಲ್ಲ" ಎಂದರು.

"ಸಾಕು," ಎಂದರು ದೊಡ್ಡಮ್ಮ. "ಲೆಕ್ಕದ ಟೀಚರಿಗೆ ತಪ್ಪು ಲೆಕ್ಕ ಒಪ್ಪಿಸ್ಬೇಡಿ." ನನ್ನತ್ತ ತಿರುಗಿದರು. "ನಾನೇ ಅಲ್ವೇನೆ ಹೇಳಿದ್ದು, ಈ ನೆಲ ಒದ್ದೆ ಮಾಡೋರಿಗೆ ಈ ಮನೇಲಿ ಜಾಗ ಇಲ್ಲ ಅಂತ? ಹೊಳೆನರಸೀಪುರಕ್ಕೆ ಬಸ್ಸಿಗೇನು ಬರ. ನನ್ನ ಹಳೇ ಹುಡುಗೀರು ಯಾರಾದ್ರೂ ಒಂದು ರೂಮು ನೋಡಿಕೊಡ್ತಾರೆ. ನಾಳೆ ನಿಮ್ಮ ಮನೆಗೆ ಬಂದು ಹೋಗೋರ ಮುಂದೆ ಹೀಗಾದ್ರೆ..."

ಮಾತಿನಲ್ಲಿ ವ್ಯಂಗ್ಯ ಒಂದಿಷ್ಟೂ ಇರಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ. ನಾನು ನಿಂತೇ ಇದ್ದೆ, ಯಜಮಾನರು ನಿಂತೇ ಇದ್ದರು.

ಚಿಕ್ಕ ಅಳಿಯಂದಿರು ಮಾತ್ರ ನಿಲ್ಲಲಿಲ್ಲ. ಮೂಗು ನೆಲಕ್ಕಿಟ್ಟು ಕುರ್ಚಿಯ ಹತ್ತಿರ ಬಂದರು. ಮೂಸಿದರು. ಒಂದು ಸುತ್ತು ಹಾಕಿ ಮತ್ತೆ ಮೂಸಿದರು. ದೊಡ್ಡಮ್ಮನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಆ ಬೆರಳುದ್ದದ ಹಿಂಗಾಲನ್ನು ಎತ್ತಿ, ಡಾಕ್ಟರ ಕ್ಯೂನಲ್ಲಿ ಅಷ್ಟು ಹೊತ್ತು ತಡೆದುಕೊಂಡಿದ್ದನ್ನೆಲ್ಲ ಅದೇ ಜಾಗಕ್ಕೆ ಸೇರಿಸಿದರು. ಗೌರಿ ಹಬ್ಬದಿಂದ ಈಚೆಗೆ ಮನೆಯೊಳಗೆ ಒಂದು ಹನಿ ಬೀಳಿಸದ ನಾಯಿ! ಈಗ ಯಾವುದು ಯಾರದೆಂದು ಬ್ರಹ್ಮನೂ ಬಿಡಿಸಿ ಹೇಳುವಂತಿರಲಿಲ್ಲ.

ದೊಡ್ಡಮ್ಮನ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ಹತ್ತಿರ ಹೋದೆ. ನಗುತ್ತಿದ್ದರು. ಅಳುತ್ತಲೂ ಇದ್ದರು.

"ಭಡವ" ಎಂದರು ಕಣ್ಣೊರೆಸಿಕೊಂಡು. "ಇಬ್ರೂ ಫೇಲು ಕಣೆ. ನನ್ನ ಕ್ಲಾಸಲ್ಲಿ ಇಬ್ರು ಫೇಲಾದ್ರು."

ನಾನು ಅವರ ಮಂಡಿ ಹಿಡಿದು ಕೆಳಗೆ ಕೂತೆ. "ಆಗಲಿ ದೊಡ್ಡಮ್ಮ. ಪಾಸಾದೋರು ತಾನೆ ಸ್ಕೂಲು ಬಿಟ್ಟು ಹೋಗೋದು? ಫೇಲಾದೋರು ಎಲ್ಲಿಗೂ ಹೋಗೋ ಹಾಗಿಲ್ಲ. ಅದೇ ಕ್ಲಾಸಲ್ಲೇ ಕೂರಬೇಕು."

ದೊಡ್ಡಮ್ಮ ಬಗ್ಗಿ ನಾಯಿಯನ್ನು ಎತ್ತಿ, ಒದ್ದೆ ಸೀರೆಯ ಮಡಿಲಲ್ಲೇ ಕೂರಿಸಿಕೊಂಡರು. ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಅದರ ಉದ್ದ ಬೆನ್ನನ್ನು ತುಂಬ ಹೊತ್ತು ಸವರಿದರು. ಯಜಮಾನರು ನೆಲ ಒರೆಸುವ ಬಟ್ಟೆ ತಂದು, ಯಾರನ್ನೂ ನೋಡದೆ ತಾವೇ ಒರೆಸಲು ಕೂತರು.

"ಏನ್ರೀ ದೊಡ್ಡ ಅಳಿಯಂದ್ರೆ," ಎಂದರು ದೊಡ್ಡಮ್ಮ ಮೇಲಿನಿಂದ. ದನಿ ಹಳೆಯದೇ ಆಗಿತ್ತು. "ಅರಿಶಿನದ ನೀರಲ್ಲೇ ಒರೆಸಿ. ಗಂಜಲ ಬೇಡ. ಇಬ್ರಿಗೂ ಇದೇ ಜಾಗ ಅಭ್ಯಾಸ ಆಗಿಬಿಟ್ಟೀತು."